ಒಣಗಬಾರದ ಗೋಡೆ

“ಮೂರು ಗೋಡೆ ನೀವು ಹೇಗೆ ಬೇಕಾದ್ರೂ ಒಣಗಿಸ್ಕೊಳ್ಳಿ. ಇದೊಂದನ್ನ ಮಾತ್ರ ಮುಟ್ಟಬೇಡಿ,” ಎಂದಳು ದರ್ಜಿಯಮ್ಮ. ಆಕೆಯ ಕೊರಳಲ್ಲಿ ಅಳತೆಯ ಟೇಪು ತೂಗುತ್ತಿತ್ತು. ಪಾದಗಳು ಇನ್ನೂ ನೀರಿನಲ್ಲಿದ್ದವು.

ಹಿಂದಿನ ದಿನ ಮಹಡಿಯ ಪೈಪು ಒಡೆದು ಹೊಲಿಗೆಯ ಕೋಣೆಯೊಳಗೆ ನೀರು ಸುರಿದಿತ್ತು. ಹೊಲಿಯಲು ಬಂದಿದ್ದ ಬಟ್ಟೆಗಳು ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿ ಮೂಲೆಯಲ್ಲಿ ರಾಶಿಯಾಗಿದ್ದವು. ಒದ್ದೆ ದಾರ, ಊದಿದ ಮರ, ತುಕ್ಕು, ಯಂತ್ರದೆಣ್ಣೆ ಒಂದೊಂದರ ವಾಸನೆಯನ್ನೂ ಬೇರೆಬೇರೆಯಾಗಿ ಗುರುತಿಸಬಹುದಾಗಿತ್ತು. ಹಾಗೆ ವಿಂಗಡಿಸುವ ಅಭ್ಯಾಸ, ಕೋಣೆ ಒಣಗಿಸಲು ಬಂದಿದ್ದ ಹುಡುಗಿಗೆ ಕಾಲೇಜಿನ ಪ್ರಯೋಗಾಲಯದಿಂದ ಬಂದದ್ದು. ನೀರು ನುಗ್ಗಿದ ಮನೆಗಳನ್ನು ಒಣಗಿಸಿ ಮರಳಿ ವಾಸಕ್ಕೆ ಒಪ್ಪಿಸುವ ಈ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿತ್ತು.

ಕೆಲಸದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸೊನ್ನೆ ಎಂದು. ನೀರು ತಾಗದ ಒಂದು ಗೋಡೆಯನ್ನು ಮೊದಲು ಅಳೆದು, ಒದ್ದೆ ಗೋಡೆಗಳು ಆ ಅಂಕಿಗೆ ಇಳಿಯುವವರೆಗೆ ತೇವ ಹೀರುವ ಯಂತ್ರ ಓಡಿಸುವುದು ಕ್ರಮ. ಎರಡು ಮೂರು ಅಂಕಿಗಳ ವ್ಯತ್ಯಾಸವಿದ್ದರೂ ಬೇರೆಯವರು ಯಂತ್ರ ಎತ್ತಿಬಿಡುತ್ತಿದ್ದರು. ಅವಳು ಮಾತ್ರ ವ್ಯತ್ಯಾಸ ಸೊನ್ನೆಯಾಗದೆ ಕದಲುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ತೇವ ಅಳೆಯುವ ಮೀಟರಿನ ಎರಡು ಮೊನೆಗಳನ್ನು ತನ್ನ ಅಂಗೈಗೆ ಒತ್ತಿ ನೋಡುತ್ತಿದ್ದಳು. ಜೀವವಿರುವ ಅಂಗೈ ಎಂದೂ ಪೂರ್ತಿ ಒಣಗಿರುವುದಿಲ್ಲ; ಮೀಟರು ಕೀಚೆಂದು ಕೂಗಿದರೆ ಅದು ಸರಿಯಿದೆ ಎಂದರ್ಥ.

“ಗಂಡನ್ನ ಆರಿಸೋವಾಗ್ಲೂ ಹೀಗೆ ಚುಚ್ಚಿ ನೋಡ್ತೀಯೇನೋ,” ಎಂದು ಮೇಸ್ತ್ರಿ ಛೇಡಿಸುತ್ತಿದ್ದ. ಆತ ಮೂವತ್ತು ವರ್ಷದಿಂದ ಇದೇ ಕಸುಬಿನಲ್ಲಿದ್ದವನು.

ದರ್ಜಿಯಮ್ಮ ತೋರಿಸಿದ ನಾಲ್ಕನೆಯ ಗೋಡೆಗೆ ಸೊನ್ನೆ ಮೀಟರು ಹಿಡಿದಳು. ತೊಂಬತ್ತೆಂಟು. ಪೈಪಿನ ನೀರು ತಾಗಿರದ ಮೇಲ್ತುದಿಯಲ್ಲೂ ತೊಂಬತ್ತೆಂಟು. ಬಣ್ಣ ಎಂದೋ ಕಳಚಿ, ಕಪ್ಪು ಹಸಿರಿನ ಕಲೆ ಚಾವಣಿಯವರೆಗೆ ಏರಿತ್ತು. ಗೋಡೆಯ ಬುಡದಲ್ಲಿ ಒಂದು ಖಾಲಿ ಕೊಡವಿತ್ತು.

“ಇದು ನಿನ್ನೆಯ ತೇವ ಅಲ್ಲ,” ಎಂದಳು ಸೊನ್ನೆ.

“ನಲವತ್ತು ವರ್ಷದ್ದು,” ಎಂದಳು ದರ್ಜಿಯಮ್ಮ. “ನಮ್ಮಮ್ಮನಿಗೂ ಅವಳ ಓರಗಿತ್ತಿಗೂ ಮನೆ ಪಾಲಿನ ಜಗಳ. ಈ ಗೋಡೆ ಕಟ್ಟೋವಾಗ ಆ ಓರಗಿತ್ತಿ ಒಳಗೊಂದು ಸೀಸೆ ಇಡಿಸಿದ್ಲು. ಕೂದಲು, ಸೂಜಿ, ಇನ್ನೇನೇನೋ. ಈ ಮನೇಲಿ ಇರೋರ ಮೈಯಲ್ಲಿ ಒಂದು ತೊಟ್ಟು ಹಸಿ ಉಳೀಬಾರದು ಅಂತ ಮಾಟ ಮಾಡಿಸಿದ್ದು. ಆಮೇಲೆ ನಮ್ಮಪ್ಪ ಬಿಂದಿಗೆಗಟ್ಟಲೆ ನೀರು ಕುಡೀತಾ ಕುಡೀತಾನೇ ಒಣಗಿ ಸತ್ತ. ಅಮ್ಮ ಸಿಟ್ಟಿಗೆ ಈ ಗೋಡೆಗೆ ಒಂದು ಕೊಡ ನೀರು ಎರಚಿದ್ಲಂತೆ. ಗೋಡೆ ಅಷ್ಟನ್ನೂ ಕುಡೀತು. ನಂಗೂ ಹತ್ತಿದ್ದ ಜ್ವರ ಅವತ್ತೇ ಬಿಡ್ತು. ಆವತ್ತಿಂದ ದಿನಾ ಬೆಳಿಗ್ಗೆ ಒಂದು ಕೊಡ. ಅದಕ್ಕೆ ಸಿಕ್ಕರೆ ನಮ್ಮನ್ನ ಬಿಡುತ್ತೆ.”

“ದಿನಾ ಒಂದು ಕೊಡ,” ಎಂದು ಸೊನ್ನೆ ನಕ್ಕಳು. “ಗಿಡಕ್ಕೆ ಹಾಕಿದ್ರೆ ಇಷ್ಟೊತ್ತಿಗೆ ಹೂವಾದ್ರೂ ಬಿಡ್ತಿತ್ತು.”

ಬಾಗಿಲಲ್ಲಿ ನಿಂತಿದ್ದ ದರ್ಜಿಯಮ್ಮನ ತಂಗಿ ನಗಲಿಲ್ಲ. ಮೇಸ್ತ್ರಿಯೂ ನಗಲಿಲ್ಲ.

“ಮುಟ್ಟಲ್ಲ ಅಂತ ಮಾತು ಕೊಡು,” ಎಂದಳು ದರ್ಜಿಯಮ್ಮ.

“ಆಯ್ತು, ಮುಟ್ಟಲ್ಲ.”

ಹೊರಗೆ ಬಂದ ಮೇಲೆ ಮೇಸ್ತ್ರಿ ಅವಳ ಕಡೆ ನೋಡದೆಯೇ ಹೇಳಿದ: “ಮನೆಯವರು ಬೇಡ ಅಂದ ಗೋಡೆಗೆ ನಾವು ತೂತು ಹಾಕಲ್ಲ. ಅದು ನಂಬಿಕೆ ವಿಷಯ ಅಲ್ಲ, ಮರ್ಯಾದೆ ವಿಷಯ.” ಮರುದಿನ ಆತನನ್ನು ಬೇರೊಂದು ಮನೆಗೆ ಕಳಿಸಿದರು. ಸೊನ್ನೆ ಒಬ್ಬಳೇ ಉಳಿದಳು.

ಮೂರು ಗೋಡೆಗಳು ಹೇಳಿದಂತೆ ಕೇಳಿದವು. ಮೀಟರಿನ ಅಂಕಿಗಳನ್ನು ಕೂಡಿಸಿ ಪುಸ್ತಕದಲ್ಲಿ ಅವಳು ಎಳೆಯುತ್ತಿದ್ದ ಮೂರು ಗೆರೆಗಳು ದಿನದಿನಕ್ಕೂ ಇಳಿದವು. ನಾಲ್ಕನೆಯದು ಹಾಳೆಯ ನೆತ್ತಿಯಲ್ಲಿ ನೆಟ್ಟಗೆ ಮಲಗಿತ್ತು. ಆ ಗೆರೆಯನ್ನು ನೋಡಿದಾಗಲೆಲ್ಲ ಅವಳಿಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತಿತ್ತು. ಬೂಷ್ಟು ಹಿಡಿದ ಗೋಡೆಯ ಪಕ್ಕ ದಿನವಿಡೀ ಕುಳಿತು ಹೊಲಿಯುವ ಹೆಂಗಸಿನ ಶ್ವಾಸಕೋಶ ಏನಾದೀತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಆದರೆ ಆ ಹೆಂಗಸಿಗಿಂತ ಮೊದಲು ಅವಳ ಕಣ್ಣಿಗೆ ಬಿದ್ದದ್ದು ಆ ಗೆರೆ.

ಗೋಡೆಯ ಒಳಗನ್ನು ಒಣಗಿಸಲು ಒಂದು ವಿಧಾನವಿದೆ. ನೆಲಕ್ಕೆ ತಾಗಿದ ಮರದ ಪಟ್ಟಿಯನ್ನು ಬಿಚ್ಚಿ, ಅದರ ಹಿಂದೆ ಬೆರಳಗಲದ ತೂತುಗಳನ್ನು ಕೊರೆದು, ಕೊಳವೆಗಳಿಂದ ಬಿಸಿಗಾಳಿ ನುಗ್ಗಿಸುವುದು. ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಮರಳಿ ಜಡಿದರೆ ಯಾರಿಗೂ ಗೊತ್ತಾಗದು. ಉಳಿದ ತೊಡಕು ಬೆಳಗಿನ ಕೊಡ ಮಾತ್ರ.

“ಯಂತ್ರ ಓಡ್ತಿರೋವಾಗ ಒಳಗೆ ಬರಬೇಡಿ, ಕರೆಂಟು ಹೊಡೆಯುತ್ತೆ,” ಎಂದಳು ದರ್ಜಿಯಮ್ಮನಿಗೆ. “ಕೊಡ ಬಾಗಿಲಲ್ಲಿಡಿ. ನಾನೇ ಹಾಕ್ತೀನಿ.”

“ಮರೀಬೇಡ ಮಗಳೇ,” ಎಂದಳು ದರ್ಜಿಯಮ್ಮ. ಮಗಳೇ ಎಂದು ಆಕೆ ಕರೆದದ್ದು ಅದೇ ಮೊದಲು.

ಸೊನ್ನೆ ತುಂಬಿದ ಕೊಡವನ್ನು ಒಳಗೆ ಒಯ್ದು, ನೀರನ್ನು ಕೋಣೆಯ ಮೂಲೆಯ ಬಚ್ಚಲಿಗೆ ಸುರಿದಳು. ಸದ್ದಾಗದಿರಲೆಂದು ನಿಧಾನವಾಗಿ ಸುರಿದಳು.

ಕಿಟಕಿಗಳಿಗೆಲ್ಲ ದಪ್ಪ ಪ್ಲಾಸ್ಟಿಕ್ ಅಂಟಿಸಿದ್ದರಿಂದ ಮಧ್ಯಾಹ್ನವೂ ಕೋಣೆಯಲ್ಲಿ ಕಂದು ಕತ್ತಲು. ಯಂತ್ರಗಳ ಗುಂಯ್ ಎಂಬ ಸದ್ದಿನಲ್ಲಿ ಅವಳು ಮಂಡಿಯೂರಿ ಕೊರೆಯತೊಡಗಿದಳು. ಮೂರನೆಯ ತೂತಿನಲ್ಲಿ ಡ್ರಿಲ್ಲಿನ ಮೊನೆ ಗಾಜಿಗೆ ತಾಗಿತು. ಸಣ್ಣದೊಂದು ಚಿಟಿಲ್. ಒಳಗಿನಿಂದ ಬಂದ ಗಾಳಿಗೆ ಹಸಿಯ ವಾಸನೆಯೇ ಇರಲಿಲ್ಲ. ಬಿಸಿಲಿಗೆ ಕಾದ ಮಡಕೆಯ ಚೂರಿನ, ಸುಟ್ಟ ಕೂದಲಿನ ವಾಸನೆಯಿತ್ತು. ಮೊನೆಯನ್ನು ಹೊರಗೆಳೆದಾಗ ಅದಕ್ಕೆ ಉದ್ದನೆಯ ನರೆಗೂದಲು ಸುತ್ತಿಕೊಂಡಿತ್ತು, ಕೂದಲಿನಲ್ಲಿ ಒಂದು ಸೂಜಿ. ಅವಳು ಅದನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಿದಳು. ಪುಸ್ತಕದಲ್ಲಿ ಬರೆದಳು: “ಅಡ್ಡಿ: ಗಾಜು. ಕೆಲಸ ಮುಂದುವರಿದಿದೆ.”

ಎರಡನೆಯ ಬೆಳಿಗ್ಗೆ ದರ್ಜಿಯಮ್ಮ ಬಾಗಿಲಿಗೆ ಕೊಡ ತಂದಾಗ ಆಕೆಯ ತುಟಿಗಳು ಒಡೆದಿದ್ದವು.

“ರಾತ್ರಿಯೆಲ್ಲ ಬಾಯಿ ಒಣಗ್ತಿತ್ತು. ನೀರು ಹಾಕಿದ್ಯಾ?”

“ಹಾಕಿದೆ.”

“ಗೋಡೆ ಕುಡೀತಾ?”

“ಕುಡೀತು,” ಎಂದಳು ಸೊನ್ನೆ. ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಅಚ್ಚರಿಯಾಯಿತು.

ಮೂರನೆಯ ಬೆಳಿಗ್ಗೆ ಕೊಡ ತಂದವಳು ತಂಗಿ. ಅಕ್ಕನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ, ಆಸ್ಪತ್ರೆಗೆ ಸೇರಿಸಿದೆ ಎಂದಳು. “ಮೈಯಲ್ಲಿ ನೀರೇ ಇಲ್ಲವಂತೆ. ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಸಲೈನ್ ಹಾಕ್ತಿದಾರೆ. ನೀನು ಮಾತ್ರ ಈ ಕೊಡ ತಪ್ಪಿಸಬೇಡಮ್ಮ.”

ಸೊನ್ನೆ ಕೊಡ ಈಸಿಕೊಂಡು ಒಳಗೆ ಹೋದಳು. ಈ ಸಲ ನೀರನ್ನು ಬಚ್ಚಲಿಗೆ ಸುರಿಯುವ ಮೊದಲು, ಅಭ್ಯಾಸಬಲದಿಂದ, ಗೋಡೆಗೆ ಮೀಟರು ಹಿಡಿದಳು. ಹನ್ನೆರಡು. ಮೊದಲೇ ಅಳೆದಿದ್ದ, ನೀರು ತಾಗದ ಪಕ್ಕದ ಕೋಣೆಯ ಗೋಡೆಯದೂ ಹನ್ನೆರಡೇ. ವ್ಯತ್ಯಾಸ ಸೊನ್ನೆ. ನಾಲ್ಕೂ ಗೆರೆಗಳು ಕೂಡಿದ್ದವು. ಕೆಲಸ ಮುಗಿದಿತ್ತು.

ಆದರೆ ತೇವ ಹೀರುವ ಯಂತ್ರದ ಬಕೆಟ್ಟಿಗೆ ನೀರು ಬೀಳುತ್ತಲೇ ಇತ್ತು.

ಅವಳು ಕುಕ್ಕರಗಾಲಿನಲ್ಲಿ ಕುಳಿತು ನೋಡಿದಳು. ನಿನ್ನೆ ಸಂಜೆಯೇ ಆ ಬಕೆಟ್ಟನ್ನು ಬಚ್ಚಲಿಗೆ ಬರಿದು ಮಾಡಿ ಹೋಗಿದ್ದಳು. ಈಗ ಅದರಲ್ಲಿ ನಾಲ್ಕು ಲೀಟರ್. ಗೋಡೆಗಳು ಒಣಗಿವೆ, ಗಾಳಿ ಒಣಗಿದೆ, ಕೋಣೆಗೆ ಎಲ್ಲೂ ಕಿಂಡಿಯಿಲ್ಲ. ಹಾಗಾದರೆ ಈ ನೀರು ಯಾವುದರದು? ಗಾಳಿಯಿಂದ ಇಳಿಸಿದ ನೀರಿನಲ್ಲಿ ಉಪ್ಪು ಇರಬಾರದು. ಕೊಳೆನೀರನ್ನು ಪತ್ತೆ ಮಾಡಲು ಚೀಲದಲ್ಲಿಟ್ಟಿದ್ದ ಉಪ್ಪಿನ ಮಾಪಕವನ್ನು ಬಕೆಟ್ಟಿನಲ್ಲಿ ಅದ್ದಿದಳು. ಲೀಟರಿಗೆ ಒಂಬತ್ತು ಗ್ರಾಂ.

ಆ ಅಂಕಿ ಅವಳಿಗೆ ಬಾಯಿಪಾಠವಿತ್ತು. ಪ್ರಯೋಗಾಲಯದಲ್ಲಿ ಸಲೈನ್ ಮಾಡಲು ಅಷ್ಟೇ ಉಪ್ಪನ್ನು ಎಷ್ಟೋ ಸಲ ತೂಗಿ ಕಲಸಿದ್ದಳು.

ಆಸ್ಪತ್ರೆಗೆ ಮರಳಿದ್ದ ತಂಗಿಗೆ ಫೋನ್ ಮಾಡಿದಳು. “ಎಷ್ಟು ಸಲೈನ್ ಹಾಕಿದ್ರು?”

“ಎಂಟು ಬಾಟ್ಲಿ. ಅರ್ಧರ್ಧ ಲೀಟರಿಂದು. ಒಂಬತ್ತನೇದು ಈಗ ಹಚ್ಚಿದ್ರು. ಎಲ್ಲಿಗೆ ಹೋಗ್ತಿದೆಯೋ, ಅಕ್ಕನ ಮೈಗೆ ಮಾತ್ರ ಹತ್ತುತ್ತಿಲ್ಲ.”

ಬಕೆಟ್ಟಿನಲ್ಲಿ ನೀರು ನಾಲ್ಕರ ಗೆರೆ ದಾಟಿತು.

ಅವಳು ಯಂತ್ರದ ತಂತಿ ಕಿತ್ತಳು. ಗುಂಯ್ ಸದ್ದು ನಿಂತಿತು. ತೊಟ್ಟಿಕ್ಕುವುದು ನಿಲ್ಲಲಿಲ್ಲ. ಟಪ್. ಟಪ್. ಕೊಡ ಎತ್ತಿ ಗೋಡೆಗೆ ನೀರೆರಚಿದಳು. ನೀರು ಗಾಜಿನ ಮೇಲಿಂದ ಜಾರಿದಂತೆ ಕೆಳಗಿಳಿಯಿತು. ಒಂದು ಹನಿಯೂ ಒಳಗೆ ಹೋಗಲಿಲ್ಲ. ಮೀಟರು ಹಿಡಿದಳು. ಎಂಟು. ಹಿಡಿದಂತೆಯೇ ಐದು. ಯಾವ ಗೋಡೆಯೂ ಅಷ್ಟು ಒಣಗುವುದಿಲ್ಲ. ಇಟ್ಟಿಗೆಯೂ, ಕಲ್ಲೂ ಅಷ್ಟು ಒಣಗುವುದಿಲ್ಲ. ಮೂರು. ಒಂದು.

ಸೊನ್ನೆ.

ಫೋನ್ ಕೂಗಿತು. ತಂಗಿ ಏನೋ ಹೇಳುತ್ತಿದ್ದಳು. ಕಣ್ಣಗುಡ್ಡೆ ಒಣಗಿದೆ, ರೆಪ್ಪೆ ಮುಚ್ಚಲಾಗುತ್ತಿಲ್ಲ, ಬೇಗ ಬಾ. ಸೊನ್ನೆ ಬಕೆಟ್ಟು ಎಳೆದಳು. ಒಂಬತ್ತು ಗ್ರಾಂ ಉಪ್ಪಿನ ಆ ನೀರನ್ನು ಗೋಡೆಗೆ ಚೆಲ್ಲಿದಳು.

ಗೋಡೆ ಕುಡಿಯಿತು.

ಗಂಟಲಿನ ಸದ್ದು. ಮೂರು ತೂತುಗಳಿಂದಲೂ. ಗುಟುಕು ಗುಟುಕಾಗಿ. ಮತ್ತೆ ನಿಂತಿತು. ಇನ್ನೂ ಬೇಕಿತ್ತು. ಇನ್ನೂ ಇತ್ತು, ಇದಕ್ಕೆ ಸೇರಬೇಕಾದದ್ದು. ಎರಡು ದಿನ ಬಕೆಟ್ಟು ಬಕೆಟ್ಟಾಗಿ ಅವಳು ಬಚ್ಚಲಿಗೆ ಸುರಿದದ್ದು. ಗಂಟೆ ಸಮೇತ ಪುಸ್ತಕದಲ್ಲಿ ಬರೆದಿಟ್ಟದ್ದು. ಹನ್ನೊಂದೂವರೆ ಲೀಟರ್. ಅದನ್ನು ಎಲ್ಲಿಂದ ತರುವುದು. ಯಾರಿಂದ ತರುವುದು.

ಗೊತ್ತಿತ್ತು. ಯಾರಿಂದ ಎಂದು ಅವಳಿಗೆ ಗೊತ್ತಿತ್ತು.

“ಸುಳ್ಳು ಹೇಳಿದೆ,” ಎಂದಳು ಗೋಡೆಗೆ. “ನೀರು ನಾನು ಹಾಕ್ಲಿಲ್ಲ. ಸೀಸೆ ಒಡೆದವಳು ನಾನು. ಅವರನ್ನ ಬಿಡು.”

ಅಂಗೈಯನ್ನು ಗೋಡೆಗೆ ಒತ್ತಿದಳು. ಮೊದಲು ತಣ್ಣಗೆ. ಆಮೇಲೆ ಬಿಸಿ. ಆಮೇಲೆ ಎಳೆತ. ಕೈ ಕೀಳಲಾಗಲಿಲ್ಲ. ಬಾಯಿ ಒಣಗಿತು. ಗಂಟಲು ಒಣಗಿತು. ಕಣ್ಣಿನೊಳಗೆ ಮರಳು ತುಂಬಿದಂತಾಯಿತು. ಕೂಗಲು ಬಾಯಿ ತೆರೆದಳು, ನಾಲಿಗೆ ಏಳಲಿಲ್ಲ. ನೆಲಕ್ಕೆ ಬಿದ್ದಳು. ಕೈ ಮಾತ್ರ ಅಲ್ಲೇ. ಗುಟುಕು. ಗುಟುಕು. ಗುಟುಕು.

ಎಚ್ಚರವಾದಾಗ ಪ್ಲಾಸ್ಟಿಕ್ಕಿನ ಹಿಂದೆ ಸಂಜೆಯ ಬೆಳಕಿತ್ತು, ಪಕ್ಕದಲ್ಲಿ ಮೇಸ್ತ್ರಿ ಕುಳಿತಿದ್ದ. ಆತ ಮರದ ಪಟ್ಟಿಯನ್ನೂ ತೂತುಗಳನ್ನೂ ನೋಡಿದ್ದ.

“ದರ್ಜಿಯಮ್ಮ ಬೆವರ್ತಿದಾಳಂತೆ,” ಎಂದ. “ತಂಗಿ ಫೋನ್ ಮಾಡಿದ್ಲು. ಬದುಕ್ತಾಳೆ.”

ದರ್ಜಿಯಮ್ಮ ಹತ್ತು ದಿನಕ್ಕೆ ಮನೆಗೆ ಬಂದಳು. ಹನ್ನೊಂದನೆಯ ಬೆಳಿಗ್ಗೆ ಸೊನ್ನೆ ಒಂದು ಕೊಡ ನೀರು ಹೊತ್ತು ಆಕೆಯ ಬಾಗಿಲಲ್ಲಿ ನಿಂತಳು. ಕೊಡವನ್ನು ಅಲ್ಲೇ ಇಳಿಸಿ, ಹೊಲಿಗೆಯ ಕೋಣೆಯೊಳಗೆ ಬಂದು ಎಲ್ಲವನ್ನೂ ಕ್ರಮವಾಗಿ ಹೇಳಿದಳು: ಮಾತು ಮುರಿದದ್ದು, ಬಚ್ಚಲಿಗೆ ಸುರಿದದ್ದು, ಸೀಸೆ, ಕೂದಲು, ಕುಡೀತು ಎಂದದ್ದು. ಪುಸ್ತಕವನ್ನೂ ಮುಂದಿಟ್ಟಳು. ದರ್ಜಿಯಮ್ಮ ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ ಕೇಳಿದಳು.

“ಪಾಠ ಒಪ್ಪಿಸಿದ ಹಾಗೆ ಹೇಳಿದೆ,” ಎಂದಳು. “ಒಂದು ತೊಟ್ಟು ಕಣ್ಣೀರಾದ್ರೂ ಹಾಕಿದ್ರೆ ನಂಬ್ತಿದ್ದೆ.”

ಸೊನ್ನೆಗೆ ಅಳು ಬಂದಿತ್ತು. ಎದೆ ಬಿಗಿದಿತ್ತು, ಮುಖ ಕಿವುಚಿತ್ತು, ಉಸಿರು ತುಂಡಾಗುತ್ತಿತ್ತು. ಕಣ್ಣು ಮಾತ್ರ ಉರಿಯಿತು, ಅಷ್ಟೇ. ಅವಳು ಚೀಲದಿಂದ ಮೀಟರು ತೆಗೆದು, ಬೇರೇನೂ ಹೇಳಲು ತೋಚದೆ, ಎರಡು ಮೊನೆಗಳನ್ನೂ ತನ್ನ ಅಂಗೈಗೆ ಒತ್ತಿ ಆಕೆಗೆ ತೋರಿಸಿದಳು. ಮೀಟರು ಕೂಗಲಿಲ್ಲ. ಅದರ ಮುಖದಲ್ಲಿ ಒಂದೇ ಅಂಕಿ ಇತ್ತು, ಅವಳನ್ನು ಎಲ್ಲರೂ ಕರೆಯುವ ಅಂಕಿ.

ಹೊಲಿಗೆ ಯಂತ್ರ ನಿಂತಿತು. ದರ್ಜಿಯಮ್ಮ ಅವಳ ಒಡೆದ ತುಟಿಗಳನ್ನು ಬಹಳ ಹೊತ್ತು ನೋಡಿದಳು. ಎದ್ದು ಹೋಗಿ ಒಂದು ಲೋಟ ನೀರು ತಂದು ಕೊಟ್ಟಳು. ಸೊನ್ನೆ ಒಂದೇ ಉಸಿರಿಗೆ ಕುಡಿದಳು. ನೀರು ಗಂಟಲಿಳಿದದ್ದಷ್ಟೇ ತಿಳಿಯಿತು. ಬಾಯಾರಿಕೆ ಇದ್ದಂತೆಯೇ ಇತ್ತು.

ಅವಳ ಬೆನ್ನ ಹಿಂದೆ ಗೋಡೆ ಸಣ್ಣಗೆ ಗುಟುಕರಿಸಿತು.

ಇಬ್ಬರೂ ತಿರುಗಿ ನೋಡಿದರು. ಒಣಗಿ ಬೆಳ್ಳಗಾಗಿದ್ದ ಗೋಡೆಯ ನಡುವೆ ಅಂಗೈಯಗಲದ ಒಂದು ಒದ್ದೆ ಕಲೆ. ಐದು ಬೆರಳುಗಳೂ ಸ್ಪಷ್ಟವಾಗಿದ್ದವು. ನೋಡುನೋಡುತ್ತಿದ್ದಂತೆ ಅದರ ಅಂಚು ಒಂದು ಲೋಟದಷ್ಟು ಹಿಗ್ಗಿತು.

ದರ್ಜಿಯಮ್ಮ ಬಾಗಿಲಲ್ಲಿದ್ದ ತುಂಬಿದ ಕೊಡವನ್ನು ನೋಡಿದಳು. ಆಮೇಲೆ ಸೊನ್ನೆಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಟ್ಟೆ ಕತ್ತರಿಸುವ ಮೊದಲು ಅಳತೆ ಹಾಕುವವಳ ನೋಟ ಅದು.

“ನಾಳೆಯಿಂದ ಕೊಡ ತರಬೇಡ,” ಎಂದಳು. ದನಿ ಮೆತ್ತಗಿತ್ತು. “ನೀನು ಬಂದ್ರೆ ಸಾಕು ಮಗಳೇ.”

ಸೊನ್ನೆ ತಲೆಯಾಡಿಸಿದಳು. ದರ್ಜಿಯಮ್ಮ ಲೋಟವನ್ನು ಮತ್ತೆ ತುಂಬಿಸಿ ತಂದಳು.