ಸಪ್ನಾಳ ಚೀಲದಲ್ಲಿದ್ದ ಮಾತ್ರೆ

"ಇಕಿನ್ನ ಪೊಲೀಸರ ಕೈಯಾಗ ಕೊಡ್ರಿ! ನಮ್ಮಪ್ಪಗ ವಿಷಾ ಹಾಕ್ಯಾಳ!"

ಮಂಗಳವಾರ ಬೆಳಿಗ್ಗೆ ಬೈಲಹೊಂಗಲದ ನಮ್ಮ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ನಿಂತು ಬಾಳೇಶ ಕೂಗುತ್ತಿದ್ದ. ಹೆಂಡತಿ ಸಪ್ನಾಳ ಚೀಲ ಜಾಲಾಡಿ ತೆಗೆದ ಮಾತ್ರೆ ಪಟ್ಟಿ ಅವನ ಕೈಯಲ್ಲಿತ್ತು. ಹತ್ತರಲ್ಲಿ ಮೂರು ಇರಲಿಲ್ಲ. ಒಳಗೆ ನ್ಯುಮೋನಿಯಾ ಆಗಿ ಮಲಗಿದ್ದ ಅವನ ತಂದೆ, ಕಟಕೋಳದ ನಿಜಗುಣಪ್ಪ, ಸಲೈನ್ ಸೂಜಿ ಕಿತ್ತೆಸೆದು, "ಗ್ವಾಡಿ ತುಂಬ ಇರಿವಿ ಹರದಾಡತಾವು! ಸೊಸಿ ವಿಷಾ ಹಾಕ್ಯಾಳ!" ಎಂದು ಒದರುತ್ತಿದ್ದರು.

ನಾನು ಜುನೇದ್, ಏಳನೆಯ ತರಗತಿಗೆ ಶಾಲೆ ಬಿಟ್ಟು ಈಗ ಅಂಬುಲೆನ್ಸ್ ಓಡಿಸುವವನು. ಗೋಡೆಗಂಟಿ ನಿಂತಿದ್ದ ಸಪ್ನಾಳನ್ನು ನೋಡಿ ಮೈ ಉರಿಯಿತು. ಮುಷ್ಟಿ ಬಿಗಿದು ಮುಂದೆ ಹೋದೆ.

"ಜುನೇದ್, ಕೈ ಕಿಸೆದಾಗ ಇಟಗೊ. ಬಡದಾಡಿದ್ರ ಮಲಗಸಾಕ ಇಲ್ಲಿ ಬೆಡ್ ಖಾಲಿ ಇಲ್ಲ," ಎಂದರು ಅನ್ವರಬಿ ಖಾಲಾ. ಮೂವತ್ತು ವರ್ಷದಿಂದ ಇಲ್ಲಿಯ ನರ್ಸ್. ಆಸ್ಪತ್ರೆಯಲ್ಲಿ ಏನೇ ಕಳೆಯಲಿ, ಯಾರ ಮೇಲೇ ಅನುಮಾನ ಬರಲಿ, ಬಿಡಿಸುವವರು ಅವರೇ.

ಪಟ್ಟಿ ತಿರುಗಿಸಿ ನೋಡಿದರು. "ಇದು ಕೊಲೆಸ್ಟ್ರಾಲ್ ಗುಳಗಿ. ಯಾವಾಗಿಂದ ಕೊಟ್ಟಿ, ಸಪ್ನಾ?"

"ಶನಿವಾರದಿಂದ ದಿನಾ ಒಂದ್ರಿ, ಗಂಜಿ ಕುಡಸಾಕ ಒಳಗ ಬಿಟ್ಟಾಗ. ಮನ್ಯಾಗ ಐದು ವರ್ಷದಿಂದ ನಾನ ಕೊಡತೇನ್ರಿ. ಇಲ್ಲಿ ಯಾರೂ ಕೊಡಲಿಲ್ಲ. ದೊಡ್ಡ ಜಡ್ಡಿನಾಗ ತಲಿ ಕೆಡದಂಗ ಕಾಯತೈತಿ ಅಂತ ಮೊಬೈಲ್‌ನಾಗ ನೋಡಿದ್ದೆ. ನಾ ಹೇಳಿದ್ರ ಯಾರ ಕೇಳತಾರ್ರಿ?"

ಖಾಲಾ ನರ್ಸ್‌ಗಳ ರಜಿಸ್ಟರ್ ಓದಿದರು. ನಿಜಗುಣಪ್ಪನವರ ಕಿವಿಯ ಬಳಿ ಹೆಸರು ಕೂಗಿದರು; ಅವರು ತಿರುಗಲಿಲ್ಲ. ಅವರ ಮೂಗಿನ ಮೇಲೆ ಎರಡು ಹಳೆಯ ಒತ್ತು ಗುರುತುಗಳಿದ್ದವು. ಹೊರಬಂದು ನನ್ನನ್ನೇ ಕೇಳಿದರು:

"ಶನಿವಾರ ಸಪ್ನಾ ನಿನ್ನ ಗಾಡ್ಯಾಗ ಬಂದ್ಲಲ್ಲ, ಎಲ್ಲಿಂದ?"

"ಕಟಕೋಳದಿಂದ, ಖಾಲಾ. ರಾಮದುರ್ಗಕ್ಕ ಪೇಶಂಟ್ ಬಿಟ್ಟು ಹೊಳ್ಳಿ ಬರೂಮುಂದ ಹತ್ತಿಸಿಕೊಂಡೆ."

ಮಧ್ಯಾಹ್ನ ಖಾಲಾ ಡಾಕ್ಟರ್ ಮಂಜುಳಾ ಅವರ ಕೋಣೆಯಲ್ಲಿ ಎಲ್ಲರನ್ನೂ ಕೂಡಿಸಿದರು.

"ಗುರುವಾರ ಇವರು ದಾಖಲಾದ್ರು. ಶುಕ್ರವಾರನ ಇರಿವಿ ಕಂಡಾವು, ರಜಿಸ್ಟರ್‌ನಾಗ ಐತಿ. ಗುಳಗಿ ಬಂದಿದ್ದು ಶನಿವಾರ. ಕಟಕೋಳದ ಮನ್ಯಾಗಿದ್ದ ಗುಳಗಿ ಇಲ್ಲಿ ಮಲಗಿದವರ ತಲಿ ಹೆಂಗ ಕೆಡಸತೈತಿ?"

ಖಾಲಾ ಬಾಳೇಶನ ಕಡೆ ತಿರುಗಿದರು.

"ಮೂಗಿನ ಮ್ಯಾಲೆ ಚಸ್ಮಾದ ಗುರುತು ಐತಿ, ಚಸ್ಮಾ ಇಲ್ಲ. ಒದರಿದ್ರೂ ಕೇಳವಲ್ದು. ಬಾಳೇಶಪ್ಪಾ, ದಾಖಲ ಮಾಡೂಮುಂದ ಮೈಮ್ಯಾಲಿಂದ ಏನೇನ್ ಬಿಚ್ಚಿಕೊಂಡಿ?"

ಅವನು ಕಿಸೆಯಿಂದ ಗಂಟು ಕಟ್ಟಿದ ಕರವಸ್ತ್ರ ತೆಗೆದ. ಉಂಗುರ, ಚಸ್ಮಾ, ಕಿವಿಯ ಮಷಿನ್. "ಕಳುವಾಗತಾವು ಅಂತ..."

"ಕಾಣವಲ್ದು, ಕೇಳವಲ್ದು, ನಿದ್ದಿ ಇಲ್ಲ. ಮುಖ ಮುಚ್ಚಿಕೊಂಡ ಮಂದಿ ಬಂದು ಸೂಜಿ ಚುಚ್ಚತಾರ. ಜಡ್ಡಂತೂ ದೊಡ್ಡದು. ಎಂಥಾ ಗಟ್ಟಿ ತಲೀನೂ ದಾರಿ ತಪ್ಪತೈತಿ. ಇದಕ್ಕ ಡೆಲಿರಿಯಂ ಅಂತಾರ. ವಿಷಾ ಅಲ್ಲ."

"ದಿನಾ ಏನ್ ಔಷಧ ತಗೋತಾರ ಅಂತ ನಾ ಕೇಳಿದಾಗ ಏನೂ ಇಲ್ಲ ಅಂದ್ರಿ," ಎಂದರು ಡಾಕ್ಟರ್.

"ನನಗೇನ್ ಗೊತ್ತರಿ? ಮನ್ಯಾಗ ಇಕೀನ ಕೊಡತಾಳ."

"ಗೊತ್ತಿದ್ದಾಕಿನ್ನ ಊರಾಗ ಬಿಟ್ಟು ಗೊತ್ತಿಲ್ಲದಾವ ಡಾಕ್ಟರ್ ಮುಂದ ಬಂದಿ!" ಎಂದು ನಾನು ಸಿಡಿದೆ. ಖಾಲಾ ಈ ಸಲ ತಡೆಯಲಿಲ್ಲ.

"ತಪ್ಪು ನಂದೂ ಐತಿ, ಸಪ್ನಾನ್ನ ಕರದು ಕೇಳಬೇಕಿತ್ತು," ಎಂದ ಡಾಕ್ಟರ್ ಅವಳತ್ತ ತಿರುಗಿದರು. "ಆ ಗುಳಗಿ ಡೆಲಿರಿಯಂ ತಪ್ಪಸತೈತಿ ಅನ್ನೂದು ಇನ್ನೂ ಸಾಬೀತಾಗಿಲ್ಲವ್ವಾ. ಬ್ಯಾರೆ ಔಷಧದ ಜೋಡಿ ಕೂಡಿ ಅಪಾಯನೂ ಆಗಬಹುದಿತ್ತು. ಇನ್ನ ಮುಂದ ಹೇಳದ ಕೊಡಬ್ಯಾಡ. ರಕ್ತ ತಪಾಸ ಮಾಡೇವಿ, ಏನೂ ಆಗಿಲ್ಲ."

ಸಪ್ನಾ ಸೆರಗಿನಿಂದ ಮುಖ ಮುಚ್ಚಿಕೊಂಡು ಗಳಗಳ ಅತ್ತಳು.

ಚಸ್ಮಾ, ಮಷಿನ್ ಹಾಕಿ, ಮಂಚವನ್ನು ಕಿಟಕಿಯ ಹತ್ತಿರ ಸರಿಸಿದರು. ರಾತ್ರಿ ದೀಪ ಆರಿಸಿ ಮಲಗಗೊಟ್ಟರು. ಮೂರನೆಯ ದಿನ ನಿಜಗುಣಪ್ಪ ಮಗನನ್ನು ದಿಟ್ಟಿಸಿ ನೋಡಿದರು.

"ಬಾಳ್ಯಾ, ನನ್ನ ಕಣ್ಣು ಕಿವಿ ಎರಡೂ ಕಿಸೆದಾಗ ಇಟಗೊಂಡಿದ್ದಿಯಂತಲ್ಲೋ! ಸಪ್ನಾ ಎಲ್ಲಿ?"

ಬಾಳೇಶ ನೆಲ ನೋಡುತ್ತ ಹೊರಬಂದ. "ಒಳಗ ಬಾ. ಡಾಕ್ಟರ್ ಏನ್ ಕೇಳಿದ್ರೂ ನೀನ ಹೇಳು."

ಅವಳು ಮಾವನ ಪಕ್ಕ ಕುಳಿತಳು. ನನ್ನ ಸಿಟ್ಟು ಇನ್ನೂ ಅರ್ಧ ಉಳಿದಿತ್ತು. ಬಾಳೇಶ ತಾನೇ ಹೋಗಿ ಅವಳಿಗೆ ಚಹಾ ತಂದುಕೊಟ್ಟ ಮೇಲೆ ಅದೂ ಇಳಿಯಿತು.