ಹಿಂದಿನ ಸೀಟಿನ ದನಿ

“ಕೇಳಿಸ್ತಾ?”

ಕಾರ್ ಆಡಿಯೋ ಅಂಗಡಿಯ ಶಟರ್ ದಾಟಿದವಳು ಅಲ್ಲೇ ಕಲ್ಲಾದಳು.

ಅದೇ ದನಿ! ಹಾಡುಗಳೆಲ್ಲ ಮುಗಿದ ಮೇಲಿನ ಮೌನದಲ್ಲಿ, ಅವಳ ಕಾರಿನ ಹಿಂದಿನ ಸೀಟಿನಿಂದ, ಯಾರೂ ಇಲ್ಲದ ಕಡೆಯಿಂದ ಬರುತ್ತಿದ್ದ ದನಿ. ಈಗ ಅದಕ್ಕೊಂದು ಮುಖವಿತ್ತು. ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡು, ಗಿರಾಕಿಯೊಬ್ಬರ ವ್ಯಾನಿನ ಕಿಟಕಿಗೆ ಬಗ್ಗಿ ಸ್ಪೀಕರ್ ಪರೀಕ್ಷಿಸುತ್ತಿದ್ದ ಮೆಕ್ಯಾನಿಕ್‌ನ ಮುಖ.

‘ಓಡು’ ಎಂದಿತು ಮನಸ್ಸು. ಕಾಲು ಕದಲಲಿಲ್ಲ.

ಅವನು ಕೈ ಒರೆಸಿಕೊಳ್ಳುತ್ತ ಬಂದ. “ಹೇಳಿ ಮೇಡಂ.”

“ನನ್ನ ಕಾರಲ್ಲಿ ಏನಿಟ್ಟಿದ್ದೀರಾ?”

“ಯಾವ ಕಾರು?”

“ನಾಟಕ ಬೇಡ! ಒಬ್ಬಳೇ ಡ್ರೈವ್ ಮಾಡ್ತಿರುವಾಗ ಹಿಂದಿನಿಂದ ‘ಕೇಳಿಸ್ತಾ’ ಅಂತೀರಲ್ಲ, ಆ ಕಾರು!”

ಲ್ಯಾಬಿನಲ್ಲಿ ದಿನವಿಡೀ ರಕ್ತದ ಸ್ಲೈಡ್‌ಗಳನ್ನು ನೋಡುವ ಕೆಲಸ ಅವಳದು. “ಕಣ್ಣಿಗೆ ಸುಸ್ತಾದ್ರೆ ಕಿವೀಲೂ ಏನೇನೋ ಕೇಳುತ್ತೆ” ಎಂದಿದ್ದಳು ಅಮ್ಮ. “ದೊಡ್ಡ ಬ್ರಾಂಡಿನ ಸ್ಪೀಕರ್ ಪುಟ್ಟಿ, ದೆವ್ವ ಕೂಡ ಸ್ಟೀರಿಯೋದಲ್ಲೇ ಬರುತ್ತೆ!” ಎಂದು ನಕ್ಕಿದ್ದ ಅಣ್ಣ. ಆ ಸ್ಪೀಕರ್‌ಗಳ ಆಸೆಗೇ ಅವನು ಈ ಹಳೆಯ ಕಾರು ಕೊಂಡುಕೊಟ್ಟಿದ್ದ. ಅವನು ಕೂತಾಗ ರೇಡಿಯೋ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ, ದನಿಯೂ ಬರುತ್ತಿರಲಿಲ್ಲ. ಈಗ ಅವನು ನಗುವುದನ್ನೂ ಬಿಟ್ಟು, ಅವಳಿಗಾಗಿ ಮನೋವೈದ್ಯರ ಬಳಿ ಸಮಯ ಕೇಳಿದ್ದ.

ತನ್ನ ಕಿವಿಯನ್ನೇ ನಂಬಲಾಗದವಳು ಇನ್ನೊಬ್ಬರ ರಕ್ತದ ವರದಿಗೆ ಹೇಗೆ ಸಹಿ ಹಾಕುವುದು? ಸ್ಪೀಕರ್‌ಗಳನ್ನೆಲ್ಲ ಕಿತ್ತುಹಾಕಿಸಲೆಂದೇ ಇವತ್ತು ಬಂದಿದ್ದಳು.

ಮೆಕ್ಯಾನಿಕ್ ಶಟರ್‌ನಾಚೆ ನಿಂತ ಕಾರನ್ನು ನೋಡಿದ. ಮುಖದ ರಕ್ತವೆಲ್ಲ ಇಳಿದುಹೋಯಿತು.

“ಇದು... ನಮ್ಮ ಕಾರು.”

ಅವನ ಅಮ್ಮನಿಗೆ ಕಿವಿ ಮಂದವಾಗುತ್ತ ಬಂದಿತ್ತಂತೆ. ಒಳ್ಳೆಯ ಸ್ಪೀಕರ್ ಆದರೆ ಕೇಳಿಸೀತು ಎಂದು ದುಬಾರಿ ಬ್ರಾಂಡಿನದನ್ನೇ ಹಾಕಿಸಿದ್ದ.

“ಅಮ್ಮನ್ನ ಹಿಂದೆ ಕೂರಿಸಿ, ನಾನು ಡಿಕ್ಕಿಯೊಳಗೆ ತಲೆ ಹಾಕ್ಕೊಂಡು ಮೈಕಲ್ಲಿ ‘ಕೇಳಿಸ್ತಾ’ ಅಂದೆ. ಉತ್ತರಾನೇ ಬರಲಿಲ್ಲ. ಕಿವಿ ಪೂರ್ತಿ ಹೋಯ್ತು ಅಂದ್ಕೊಂಡೆ. ಅಮ್ಮ ತೀರಿಕೊಂಡ ಮೇಲೆ ಕಾರು ಮಾರಿಬಿಟ್ಟೆ. ಅವತ್ತು ಮೈಕಿಗೆ ಬಿದ್ದದ್ದು ರೆಕಾರ್ಡ್ ಆಗಿ ಸಿಸ್ಟಮ್‌ನಲ್ಲೇ ಉಳಿದಿರಬೇಕು. ನಿಮ್ಮ ಹಾಡು ಮುಗಿದಾಗ ತಾನಾಗೇ ಶುರುವಾಗುತ್ತೆ.”

ಅವನು ಡ್ರೈವರ್ ಸೀಟಿನಲ್ಲಿ ಕೂತು ಅದನ್ನು ಹುಡುಕಿ ಹಾಕಿದ. ತನ್ನದೇ ದನಿ ಬೆನ್ನ ಹಿಂದಿನಿಂದ ಬಂದಾಗ ಅವನೂ ಬೆಚ್ಚಿದ.

“ಕ್ಷಮಿಸಿ. ಅಳಿಸಿಬಿಡ್ತೀನಿ.”

“ತಡೀರಿ!” ಬಾಗಿಲ ಬಳಿ ನಿಂತಿದ್ದ ಅವಳಿಗೆ ತನ್ನ ದನಿಯೇ ಹೊಸದೆನಿಸಿತು. “ಅದಾದ್ಮೇಲೆ ಯಾರೋ ಉಸಿರಾಡ್ತಾರೆ. ಅದು ಯಾರು?”

“ಉಸಿರಾ? ನನಗೇನೂ ಕೇಳಲಿಲ್ಲ...”

‘ಇವನೂ ಅದನ್ನೇ ಹೇಳ್ತಾನೆ. ಭ್ರಮೆ ಅಂತಾನೆ...’

“ಯಾವ ಕಡೆಯಿಂದ ಬಂತು?” ಎಂದು ಕೇಳಿದ ಅವನು.

ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ! ಅವಳ ಕಣ್ಣು ತುಂಬಿತು. “ಹಿಂದೆ... ಆ ಕಿಟಕಿ ಪಕ್ಕ.”

“ಅಮ್ಮನ ಜಾಗ.” ಅವನು ನಿಧಾನವಾಗಿ ಎದ್ದ. “ಎಲ್ಲಾ ಸ್ಪೀಕರ್‌ನೂ ಆ ಒಂದು ಸೀಟಿಗೇ ಹೊಂದಿಸಿದ್ದೆ. ಆದ್ರೆ ಕಾರು ಓಡಿಸ್ತಿದ್ದವನು ನಾನೇ ಅಲ್ವಾ? ಅಲ್ಲಿ ಕೂತು ಒಂದು ಸಲಾನೂ ಕೇಳಲಿಲ್ಲ.”

ಅವನು ಅದನ್ನೇ ಮತ್ತೆ ಹಾಕಿ, ಹಿಂದೆ ಕಿಟಕಿ ಬದಿ ಕೂತ. ಅವಳು ಪಕ್ಕದಲ್ಲಿ. ಬಾಗಿಲು ಮುಚ್ಚಿದೊಡನೆ ಬೀದಿಯ ಸದ್ದೆಲ್ಲ ಕತ್ತರಿಸಿದಂತೆ ನಿಂತಿತು.

“ಕೇಳಿಸ್ತಾ?”

ಮೌನ. ಬಟ್ಟೆ ಸರಿದ ಸದ್ದು. ಆಮೇಲೆ, ತುಟಿ ಕಿವಿಗೆ ತಾಗುವಷ್ಟು ಹತ್ತಿರದಲ್ಲಿ, ಸವೆದುಹೋದ ಒಂದು ಪಿಸುದನಿ...

“ಕೇಳ್ತಿದೆ ಕಣೋ... ಯಾಕೆ ಹಾಗೆ ಕಿರುಚ್ತೀಯಾ?”

ಅವಳ ಮೈಯೆಲ್ಲ ಮುಳ್ಳೆದ್ದಿತು. ಸೀಟಿನ ಮೇಲೆ ಅವನ ಕೈ ಹಿಡಿದಿದ್ದೇ ಅವಳಿಗೆ ಗೊತ್ತಾಗಲಿಲ್ಲ. ಅವನು ನಕ್ಕುಬಿಟ್ಟ. ಆ ನಗು ನಡುವೆಯೇ ಮುರಿಯಿತು.

ಅದನ್ನೇ ಅಂಗಡಿಯ ಅಗ್ಗದ ಸ್ಪೀಕರ್‌ಗಳಲ್ಲೂ ಹಾಕಿ ನೋಡಿದರು. ಅವನ ಪ್ರಶ್ನೆಯೊಂದೇ ಬಂತು. ಉಳಿದದ್ದು ಬರೀ ‘ಸ್ಸ್’ ಎನ್ನುವ ಸದ್ದು. ಹೊರಗೆ ನಿಂತ ಖಾಲಿ ಕಾರನ್ನು ಇಬ್ಬರೂ ನೋಡಿದರು.

“ಇಂಥ ಸಿಸ್ಟಮ್ ತಗೋಬೇಕಾ ಅಂತ ಕೇಳಿದವರಿಗೆಲ್ಲ, ‘ಅರ್ಧ ದುಡ್ಡು ಬರೀ ಹೆಸರಿಗೆ’ ಅಂತಿದ್ದೆ” ಎಂದ.

“ಈಗ?”

“ಈಗಲೂ ಅದೇ ಅಂತೀನಿ. ಆದ್ರೆ ಆ ಉಳಿದರ್ಧ...”

ಸಂಜೆ ಅಣ್ಣನನ್ನು ಕರೆಸಿ ಅದೇ ಸೀಟಿನಲ್ಲಿ ಕೂರಿಸಿದರು. ಅವನು “ಅಯ್ಯಯ್ಯೋ!” ಎಂದು ಚಪ್ಪಲಿ ಕಾರಲ್ಲೇ ಬಿಟ್ಟು ಹೊರಗೆ ಹಾರಿದ. ವೈದ್ಯರ ಮಾತು ಮತ್ತೆ ಎತ್ತಲಿಲ್ಲ. ಅವಳು ಲ್ಯಾಬಿನಲ್ಲಿ ನಿಶ್ಚಿಂತೆಯಿಂದ ಸಹಿ ಹಾಕಿದಳು.

ಆಮೇಲೆ ಅಂಗಡಿಗೆ ಹೋಗಲು ಅವಳಿಗೆ ನೆಪಗಳು ಸಿಗುತ್ತಲೇ ಹೋದವು. ಅವನೂ ಯಾವ ನೆಪವನ್ನೂ ಪ್ರಶ್ನಿಸಲಿಲ್ಲ. ಒಂದು ಮಧ್ಯಾಹ್ನ ಅವಳು ಕಾರಿನ ಕೀಲಿಯನ್ನು ಅವನ ಮುಂದಿಟ್ಟಳು.

“ಇದು ನಿಮ್ಮ ಹತ್ರ ಇರಬೇಕಾದ್ದು.”

“ಅಮ್ಮನ ದನಿ ಬೇಕು, ನಿಜ.” ಅವನು ಕೀಲಿ ಮುಟ್ಟಲಿಲ್ಲ. “ಆದ್ರೆ ಅದನ್ನ ನನಗೆ ಕೇಳಿಸಿದವರು ದೂರ ಹೋಗ್ತಾರೆ ಅಂದ್ರೆ... ಬೇಡ.”

ಅವಳು ತಲೆತಗ್ಗಿಸಿದಳು. “ನಿಮಗೆ ಗೊತ್ತಿಲ್ಲ. ನನಗೆ ಎಲ್ಲದಕ್ಕೂ ಭಯ. ರಾತ್ರಿ ಅಡುಗೆಮನೇಲಿ ಒಂದು ಲೋಟ ಉರುಳಿದ್ರೂ ನಿದ್ದೆ ಹೋಗುತ್ತೆ.”

“ನನ್ನನ್ನ ಎಬ್ಬಿಸು.”

ಆ ಮಾತಿನ ಅರ್ಥ ಹೊಳೆದು ಅವಳ ಕೆನ್ನೆ ಬಿಸಿಯಾಯಿತು.

“ಹೋಗಿ ನೋಡಿದ್ರೆ... ಏನೂ ಇಲ್ಲದೇ ಇದ್ರೆ?”

“ಏನೂ ಇಲ್ಲ ಅಂತ ಇಬ್ಬರೂ ನೋಡಿಕೊಂಡು ಬಂದು ಮಲಗೋಣ.”