ಹಗೇವು ಖಾಲಿ ಇತ್ತು

೧೯೭೫ನೇ ಇಸವಿ ಮಾರ್ಚ್ ೧೯, ಬುಧವಾರ. ಬೆಳಿಗ್ಗೆ ಎಂಟು ಗಂಟೆಗೆ ಕುಂದಗೋಳ ಠಾಣೆಯ ಕಟ್ಟೆಗೆ ಸೈಕಲ್ ಒರಗಿಸಿ ಒಳಗೆ ಬಂದವನು ಚಿಕ್ಕಯರಿ ಊರಿನ ವಾಲೀಕಾರ ಮಡಿವಾಳೆಪ್ಪ. ಡಂಗುರ ಸಾರುವುದು, ಕಂದಾಯಕ್ಕೆ ಜನರನ್ನು ಚಾವಡಿಗೆ ಕರೆಯುವುದು, ಸಾಹೇಬರು ಮುಕ್ಕಾಂ ಮಾಡಿದರೆ ಅವರಿಗೆ ನೀರು ಕಾಯಿಸುವುದು ಅವನ ಸರಕಾರಿ ಕೆಲಸ. ಅವನ ಧೋತರದ ಅಂಚಿಗೆ ರಕ್ತ ಒಣಗಿ ಅಂಟಿತ್ತು.

“ಲೆವಿ ಸಾಹೇಬ್ರು ಹಗೇವಿನ್ಯಾಗ ಬಿದ್ದು ಸತ್ತಾರ್ರಿ,” ಎಂದ. “ಗಾಳಿ ಹಿಡೀತ್ರಿ.”

ಸಬ್ ಇನ್ಸ್‌ಪೆಕ್ಟರ್ ಅಮೋಘಸಿದ್ದಪ್ಪ ಚಹಾದ ಕಪ್ಪು ಕೆಳಗಿಟ್ಟ. “ಯಾರು ನೋಡಿದ್ದು?”

“ನಾನ ನೋಡಿದ್ನಿರಿ. ರಾತ್ರಿ ಚಾವಡಿಗಿ ಮಲಗಾಕ ಬರಲಿಲ್ಲ. ಮುಂಜಾನೆದ್ದು ಹುಡುಕಿದ್ನಿ. ಹಗೇವಿನ ಬಾಯಿ ಬಾಜು ಮೆಟ್ಟು ಬಿದ್ದಿದ್ವು.”

“ರಕ್ತ ಹ್ಯಾಂಗ ಹತ್ತಿತು?”

“ಇಳದು ಎಬ್ಬಸಾಕ ಹ್ವಾದ್ನಿರಿ.”

“ಸಾಹೇಬ್ರನ್ನ ಕೊಂದ ಗಾಳಿ ನಿನ್ನ ಬಿಡ್ತು?”

“ಮುಂಜಾನಿಗೆ ಗಾಳಿ ತಿಳಿಯಾಗಿತ್ರಿ,” ಎಂದು ಮಡಿವಾಳೆಪ್ಪ ನೆಲ ನೋಡಿದ.

ಹಗೇವು ಎಂದರೆ ಎರೆಸೀಮೆಯವರು ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಒಂದು ಕೋಣೆಯಷ್ಟು. ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಗಾಳಿ ಕೆಡುತ್ತದೆ. ತೆಗೆದ ತಕ್ಷಣ ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೇ ಬಾಯಿ ತೆಗೆದು ಅರ್ಧ ದಿನ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಡುತ್ತಾರೆ. ದೀಪ ಆರಿದರೆ ಇಳಿಯಬಾರದು, ನಿಂತು ಉರಿದರೆ ಇಳಿಯಬಹುದು. ವಿಜಾಪುರದ ಕಡೆಯವನಾದ ಅಮೋಘಸಿದ್ದಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಮನೆಯ ಅಂಗಳದಲ್ಲೂ ಎರಡು ಹಗೇವು ಇದ್ದವು.

ಠಾಣೆಯಲ್ಲಿ ಅಸಹಜ ಮರಣ ಎಂದು ದಾಖಲಿಸಿ, ಕಾನ್‌ಸ್ಟೇಬಲ್ ಖಾಜಾಸಾಬನನ್ನು ಕರೆದುಕೊಂಡು ಅವನು ಜೀಪು ಹತ್ತಿದ. ಯರಗುಪ್ಪಿ ದಾಟಿ ಎರೆಹೊಲಗಳ ನಡುವಿನ ಬಂಡಿಜಾಡಿನಲ್ಲಿ ಕುಲುಕಾಡುತ್ತ ಹತ್ತು ಗಂಟೆಗೆ ಚಿಕ್ಕಯರಿ ತಲುಪಿದರು.

ಸತ್ತವನು ಲೆವಿ ಅಧಿಕಾರಿ ಶಂಭುಲಿಂಗಪ್ಪ. ಆ ವರ್ಷಗಳಲ್ಲಿ ರೈತ ಬೆಳೆದ ಜೋಳದಲ್ಲಿ ಎಕರೆ ಲೆಕ್ಕದ ಒಂದು ಪಾಲನ್ನು ಸರಕಾರ ಹೇಳಿದ ದರಕ್ಕೆ ಕೊಡಲೇಬೇಕಿತ್ತು. ಕೊಡದವರ ಮನೆ ಹೊಕ್ಕು ಎಳೆದು ತರುವ ಅಧಿಕಾರ ಇವನ ಕೈಯಲ್ಲಿತ್ತು, ಆ ಕೈ ಬಲು ಉದ್ದವೂ ಆಗಿತ್ತು. ಅವನು ಬರುತ್ತಾನೆಂದರೆ ಹೆಂಗಸರು ರೊಟ್ಟಿಯ ಹಿಟ್ಟನ್ನೂ ಮುಚ್ಚಿಡುತ್ತಿದ್ದರಂತೆ. ಹಗೇವಿನ ಸುತ್ತ ಇಡೀ ಊರೇ ನೆರೆದಿದ್ದರೂ ಅಳುವ ದನಿ ಒಂದೂ ಇರಲಿಲ್ಲ.

ಹಗೇವು ಈರಬಸಪ್ಪನ ಹಿತ್ತಲಲ್ಲಿತ್ತು. ನಲವತ್ತೈದರ ಗಟ್ಟಿ ಆಳು, ತಲೆಗೆ ಬಿಳಿ ಪಟಗಾ. ಅಮೋಘಸಿದ್ದಪ್ಪನನ್ನು ಕಂಡವನೇ ಮುಂದೆ ಬಂದ.

“ಸಾಹೇಬ್ರ, ಪಂಚನಾಮಿ ಬರೀತೀರಲ್ಲ, ಹಗೇವು ಖಾಲಿ ಐತಿ ಅಂತ ಮೊದಲ ಬರೀರಿ.”

“ಒಳಗ ಹೆಣಾ ಬಿದ್ದೈತಿ. ನಿಮಗ ಖಾಲಿ ಐತೋ ತುಂಬೇತೋ ಅನ್ನೂದರ ಚಿಂತಿ?”

“ಅದೊಂದ ಚಿಂತಿರಿ ನಮಗ,” ಎಂದು ಈರಬಸಪ್ಪ ಹಿಂದೆ ಸರಿದ.

ಖಾಜಾಸಾಬ ಅವನ ವಿಷಯವನ್ನು ಸಣ್ಣ ದನಿಯಲ್ಲಿ ಹೇಳಿದ. ಹಿಂದಿನ ವರ್ಷ ಇದೇ ಹಗೇವಿನಲ್ಲಿ ಈರಬಸಪ್ಪನ ತಮ್ಮ ಅಡಿವೆಪ್ಪ ಸತ್ತಿದ್ದ. ಲೆವಿಯ ಕಣ್ಣು ತಪ್ಪಿಸಿ ಜೋಳ ಬಚ್ಚಿಡುವಾಗ ಕಾಲು ಜಾರಿ ಬಿದ್ದ ಎಂದು ಸರಕಾರಿ ಕಾಗದದಲ್ಲಿ ದಾಖಲಾಗಿತ್ತು. ಅಂದಿನಿಂದ ಅಡಿವೆಪ್ಪನ ಹೆಂಡತಿ ನೀಲಕ್ಕ ಬಾವಿಗೆ ಹೋದರೆ ಜನ ಕಳ್ಳನ ಹೆಂಡತಿ ಎಂದು ಆಡಿಕೊಳ್ಳುತ್ತಿದ್ದರು. ಆ ದಾಖಲೆ ತಿದ್ದಬೇಕೆಂದು ಈರಬಸಪ್ಪ ಮೂರು ಸಲ ಅರ್ಜಿ ಬರೆದಿದ್ದ.

ಅಮೋಘಸಿದ್ದಪ್ಪ ಬೂಟು ಕಳಚಿ ಹಗ್ಗ ಹಿಡಿದು ಒಳಗಿಳಿದ. ಶಂಭುಲಿಂಗಪ್ಪ ಅಂಗಾತ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಅದು ಬಿದ್ದ ಪೆಟ್ಟು ಎನ್ನಬಹುದಿತ್ತು. ಆದರೆ ಹಣೆಯ ಮೂಳೆ ಒಳಗೆ ಕುಸಿದಿತ್ತು, ದವಡೆ ಮುರಿದು ಹಲ್ಲುಗಳು ಗಂಟಲಲ್ಲಿ ಸಿಕ್ಕಿದ್ದವು, ಗೋಡೆಗೆ ಹೊದಿಸಿದ ಹುಲ್ಲಿಗೆ ಎದೆಯೆತ್ತರದವರೆಗೆ ರಕ್ತ ಸಿಡಿದಿತ್ತು. ಒಂದು ಸಲ ಬಿದ್ದವನ ತಲೆ ಹಿಂದೆಯೂ ಮುಂದೆಯೂ ಒಡೆಯುವುದಿಲ್ಲ.

ಆಗ ಹೆಣದ ತಲೆಯ ಬಳಿ ಒಂದು ಕಂದೀಲು ಕಾಣಿಸಿತು. ಅದು ಬಿದ್ದಿರಲಿಲ್ಲ, ಯಾರೋ ಜೋಪಾನವಾಗಿ ನಿಲ್ಲಿಸಿಟ್ಟಿದ್ದರು. ಹಿಡಿಕೆಗೆ ಕಟ್ಟಿದ ಹಗ್ಗವೂ ಹಾಗೇ ಇತ್ತು. ಎತ್ತಿ ಅಲ್ಲಾಡಿಸಿದ. ಎಣ್ಣೆಯ ಸದ್ದಿಲ್ಲ. ಬತ್ತಿ ಬುಡದವರೆಗೆ ಸುಟ್ಟು ಕರಕಲಾಗಿತ್ತು.

ಕೆಟ್ಟ ಗಾಳಿ ಇದ್ದಿದ್ದರೆ ದೀಪ ಆಗಲೇ ಆರಿ ಎಣ್ಣೆ ಉಳಿಯುತ್ತಿತ್ತು. ಇದು ಎಣ್ಣೆ ತೀರುವವರೆಗೂ ಉರಿದಿದೆ. ಎಂದರೆ ಗಾಳಿ ಶುದ್ಧವಾಗಿತ್ತು, ಶಂಭುಲಿಂಗಪ್ಪ ಗಾಳಿಯಿಂದ ಸತ್ತಿಲ್ಲ. ಇನ್ನೂ ಒಂದು ಮಾತು. ಕೊಂದವನು ಇಳಿಯುವ ಮೊದಲು ಕಂದೀಲು ಬಿಟ್ಟು ನೋಡಿದ್ದಾನೆ. ಕೊಲ್ಲುವ ಆವೇಶದಲ್ಲೂ ಹಾಗೆ ಮಾಡುವವನು ಹುಟ್ಟಿದಾಗಿನಿಂದ ಹಗೇವು ಕಂಡ ರೈತನೇ ಆಗಿರಬೇಕು.

ಪಂಚರ ಮುಂದೆ ಪಂಚನಾಮೆ ಬರೆಸಿ, ಹೆಣವನ್ನು ಸರಕಾರಿ ದವಾಖಾನೆಗೆ ಕಳಿಸಿ, ಕೊಲೆ ಎಂದು ಎಫ್‌ಐಆರ್ ಮಾಡಲು ಠಾಣೆಗೆ ಚೀಟಿ ಕೊಟ್ಟ. ಆ ಚೀಟಿ ಮೇಲಿನವರ ಕಿವಿಗೂ ಬಿತ್ತು. ಲೆವಿ ಅಧಿಕಾರಿಯ ಕೊಲೆ ಎಂದರೆ ಸರಕಾರದ ಕೆನ್ನೆಗೇ ಹೊಡೆದಂತೆ. ಮಧ್ಯಾಹ್ನ ಒಂದು ಗಂಟೆಗೆ ಹೊರಗಿನಿಂದ ಲಾರಿಯಲ್ಲಿ ಒಂದು ತುಕಡಿ ಬಂದು ಇಳಿಯಿತು. ಅವರಿಗೆ ಕಂದೀಲೂ ಬೇಡ, ಪಂಚನಾಮೆಯೂ ಬೇಡ. ಸಿಕ್ಕಸಿಕ್ಕ ಗಂಡಸರನ್ನು ಚಾವಡಿಗೆ ಎಳೆದುಕೊಂಡು ಹೋದರು. ಓಡಿದವರ ಕಾಲಿಗೆ ಲಾಠಿ ಬೀಸಿದರು. ಒಬ್ಬ ಮುದುಕ ಹೊಸ್ತಿಲ ಮೇಲೆ ಮುಗ್ಗರಿಸಿದಾಗ ಅವನ ಬೆನ್ನ ಮೇಲೆ ಕಾಲಿಟ್ಟೇ ಒಳಗೆ ನುಗ್ಗಿದರು.

ಅವರ ಕೈಗೆ ಚೆನ್ನಾಗಿ ಸಿಕ್ಕವನು ಬಂಡಿ ಹೊಡೆಯುವ ಗುಲಾಮಹುಸೇನ. ಲೆವಿಯ ಚೀಲಗಳನ್ನು ಸಂಶಿ ಊರಿಗೆ ಸಾಗಿಸುವುದು ಅವನ ಕಸುಬು. ಮಂಗಳವಾರ ಮುಂಜಾನೆ ಒಂದು ಚೀಲ ಹರಿದು ಜೋಳ ಚೆಲ್ಲಿತೆಂದು ಶಂಭುಲಿಂಗಪ್ಪ ಅವನ ಬಾರುಕೋಲು ಕಿತ್ತುಕೊಂಡು ಅವನಿಗೇ ಬಾರಿಸಿದ್ದ. “ನಿನ್ನ ಹುಗೀತೀನಿ” ಎಂದು ಗುಲಾಮಹುಸೇನ ಕೂಗಿದ್ದನ್ನು ಊರೇ ಕೇಳಿತ್ತು.

“ಅವನ ಬಾಯಿ ನಾವು ಬಿಡಸ್ತೀವಿ. ಸಂಜಿಯೊಳಗ ಕೇಸ್ ಮುಗೀತದ,” ಎಂದ ತುಕಡಿಯ ಹವಾಲ್ದಾರ.

“ನನ್ನ ತನಿಖಿ ಮುಗಿಯೂತನಕ ಅವನ ಮೈ ಮುಟ್ಟಬ್ಯಾಡ್ರಿ,” ಎಂದ ಅಮೋಘಸಿದ್ದಪ್ಪ.

ಹವಾಲ್ದಾರ ಸಲಾಮು ಹೊಡೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ತುಕಡಿ ಅಮೋಘಸಿದ್ದಪ್ಪನ ಹುಕುಮಿನಲ್ಲಿರಲಿಲ್ಲ. ಅಲ್ಲಿ ನಿಂತು ಜಗಳಾಡುವುದಕ್ಕಿಂತ ಕೊಲೆಗಾರನನ್ನು ಹಿಡಿದು ತರುವುದೇ ಬೇಗನೆ ಆಗುವ ಕೆಲಸ ಎಂದು ಅವನು ಕಂದೀಲು ಹಿಡಿದು ನಡೆದ.

ಕಂದೀಲಿನ ಗಾಜು ಸೀಳಿತ್ತು, ಸೀಳಿಗೆ ಹಿಟ್ಟಿನ ಅಂಟಿನಿಂದ ಕಾಗದ ಹಚ್ಚಿದ್ದರು. ಅಂಥದ್ದನ್ನು ಗುರುತಿಸಲು ಊರು ಸುತ್ತಬೇಕಾಗಿರಲಿಲ್ಲ. ಈರಬಸಪ್ಪನ ಮನೆಗೆ ಹೊಂದಿಕೊಂಡ ಮನೆಯ ಬಾಗಿಲಲ್ಲಿ ನೀಲಕ್ಕ ನಿಂತಿದ್ದಳು.

“ಇದು ಯಾರದವ್ವಾ ತಂಗಿ?”

“ನಮ್ಮದ್ರಿ.”

“ಯಾರು ಒಯ್ದಿದ್ರು?”

ನೀಲಕ್ಕ ಪಕ್ಕದ ಹಿತ್ತಲ ಕಡೆ ನೋಡಿದಳು.

“ಯಾವಾಗ ಒಯ್ದ್ರು?”

“ನಿನ್ನಿ ದೀಪಾ ಹಚ್ಚೂ ಹೊತ್ತಿನ್ಯಾಗ್ರಿ.”

“ನಿಮ್ಮ ಭಾವ ಒಯ್ದ್ರೋ?”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉತ್ತರ ಹಿಂದಿನಿಂದ ಬಂತು.

“ಅಕೀನ್ನ ಯಾಕ ಕೇಳ್ತೀರಿ, ನನ್ನ ಕೇಳ್ರಿ,” ಎಂದ ಈರಬಸಪ್ಪ.

“ನಿನ್ನಿ ಸಂಜಿಗೆ ಎಲ್ಲಿದ್ದಿರಿ?”

“ಮನ್ಯಾಗ.”

“ಶಂಭುಲಿಂಗಪ್ಪ ನಿಮ್ಮ ಹಿತ್ತಲಿಗೆ ಯಾಕ ಬಂದಿದ್ದ?”

“ನಾನ ಕರದಿದ್ನಿ.”

ಅಷ್ಟರಲ್ಲಿ ಚಾವಡಿಯ ಕಡೆಯಿಂದ ಗುಲಾಮಹುಸೇನ ಚೀರಿದ. ಒಂದು ಸಲವಲ್ಲ, ಮೂರು ನಾಲ್ಕು ಸಲ. ಅವನ ಮುಂಗೈ ಮುರಿದದ್ದು ಆಗಲೇ ಎಂದು ಆಮೇಲೆ ತಿಳಿಯಿತು. ಈರಬಸಪ್ಪ ಮುಂದೆ ಬಂದು ಕೈ ಮುಗಿದ.

“ಆ ಹುಡುಗನ್ನ ಬಿಡಸ್ರಿ ಸಾಹೇಬ್ರ. ಅವಗೇನೂ ಗೊತ್ತಿಲ್ಲ. ಲೆವಿ ಸಾಹೇಬನ್ನ ಹೊಡದ ಹಾರಿ ಎಲ್ಲೈತಿ ಅಂತ ನಾ ತೋರಸ್ತೀನಿ.”

ಅಮೋಘಸಿದ್ದಪ್ಪ ಈರಬಸಪ್ಪನ ತೋಳು ಹಿಡಿದುಕೊಂಡೇ ಚಾವಡಿಗೆ ಹೋಗಿ, ಬಾಗಿಲು ಒದ್ದು ತೆಗೆಸಿ, ಹವಾಲ್ದಾರನ ಕೈಯಿಂದ ಲಾಠಿ ಕಿತ್ತು ಹೊರಗೆ ಎಸೆದ. ಇಷ್ಟು ವರ್ಷದ ನೌಕರಿಯಲ್ಲಿ ಅವನಿಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಗುಲಾಮಹುಸೇನನನ್ನು ಜೀಪಿನಲ್ಲಿ ದವಾಖಾನೆಗೆ ಕಳಿಸಿದ ಮೇಲೆಯೇ ಅವನು ಪಂಚರನ್ನು ಕರೆಸಿದ.

ಕಬ್ಬಿಣದ ಹಾರೆ ಹಿತ್ತಲ ಕಣಿಕಿ ಬಣವಿಯೊಳಗೆ, ಒಣ ಜೋಳದ ದಂಟಿನ ರಾಶಿಯಲ್ಲಿ, ಸಿಕ್ಕಿತು. ತುದಿಗೆ ರಕ್ತವೂ ಕೂದಲೂ ಅಂಟಿದ್ದವು. ಖಾಜಾಸಾಬ ಅದನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿದ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ, ಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿ ಎಂದು ಅಮೋಘಸಿದ್ದಪ್ಪ ತಿಳಿಸಿದ. ಈರಬಸಪ್ಪ ಕೇಳಲಿಲ್ಲ, ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದ.

“ಹ್ವಾದ ವರ್ಷ ನಮ್ಮ ಪಾಲಿನ ಲೆವಿ ಊರಾಗ ಮೊದಲ ಕೊಟ್ಟಾಂವ ನಾನು. ನಮ್ಮಪ್ಪನ ಕಾಲದಿಂದ್ಲೂ ಸರಕಾರದ ಬಾಕಿ ನಮ್ಮ ಮನ್ಯಾಗ ನಿಂತಿಲ್ಲ. ದನಾ ಬೀಳ್ತಾವಂತ ಖಾಲಿ ಹಗೇವಿಗೆ ಕಲ್ಲು ಮುಚ್ಚಿದ್ವಿ. ಮುಚ್ಚೀರಿ ಅಂದ್ರ ಒಳಗ ಜೋಳ ಐತಿ ಅಂದ ಆ ಲೆವಿ ಸಾಹೇಬ. ತಗಸಿದ. ಸಂಜಿತನ ಬಿಡ್ರಿ, ಕಂದೀಲ ಬಿಟ್ಟು ನೋಡೂಣು ಅಂದ್ನಿ. ಸಂಜಿತನ ಬಿಟ್ರ ಕತ್ತಲಾಗ ಸಾಗಸ್ತೀರಿ, ಕಂದೀಲಿನ ನಾಟಕ ನನ್ನ ಮುಂದ ಬ್ಯಾಡ ಅಂದ. ತಮ್ಮನ ಬೆನ್ನಿಗೆ ಬಡಿಗಿಲೆ ತಿವದು ಇಳಸಿದ.”

“ನೀವು ತಡೀಲಿಲ್ಲೇನು?”

“ಜವಾನ್ರು ಹಿಡಕೊಂಡಿದ್ರು. ಅವ ಒಮ್ಮೆ ‘ಅಣ್ಣಾ’ ಅಂದ. ಆಮ್ಯಾಲ ದನಿ ಬರಲಿಲ್ಲ. ಕೊಂಡಿ ಹಾಕಿ ಎತ್ತಿದಾಗ ಮಾರಿ ನೀಲಿ ಆಗಿತ್ತು.”

“ನಿನ್ನಿ ಏನಾತು?”

“ಮುಂಜಾನಿಂದ ಬಾಯಿ ತಗದಿಟ್ಟು ಅವನ್ನ ಕರದ್ನಿ. ಬಂದು ನೋಡ್ರಿ, ಖಾಲಿ ಐತಿ. ಅವತ್ತೂ ಹಿಂಗ ಖಾಲಿ ಇತ್ತಂತ ಬರದು ಕೊಡ್ರಿ, ಕಾಲು ಬೀಳ್ತೀನಿ ಅಂದ್ನಿ. ಬಾಗಿ ನೋಡಿ ನಕ್ಕ. ನಿನ್ನ ಕಳ್ಳ ತಮ್ಮನ್ನ ಸಂಭಾವಿತ ಅಂತ ಬರೀಲೇನು ಅಂದ. ಹಾರಿ ಬಾಜೂಕ ಇತ್ತು.”

ಮೊದಲ ಪೆಟ್ಟಿಗೆ ಶಂಭುಲಿಂಗಪ್ಪ ಒಳಗೆ ಬಿದ್ದಿದ್ದ. ಆದರೆ ಸತ್ತಿರಲಿಲ್ಲ, ಕೆಳಗಿನಿಂದ ನರಳುತ್ತಿದ್ದ. ಈರಬಸಪ್ಪ ನೀಲಕ್ಕನ ಮನೆಯಿಂದ ಕಂದೀಲು ತಂದು, ಕೆಳಗೆ ಬಿಟ್ಟು, ದೀಪ ನಿಂತದ್ದನ್ನು ನೋಡಿ, ಇಳಿದು, ಇನ್ನೆರಡು ಪೆಟ್ಟು ಹಾಕಿದ.

“ಮುಂಜಾನಿಂದ ತಗದ ಹಗೇವಿಗೆ ಕಂದೀಲ ಯಾಕ ಬೇಕಾಗಿತ್ತು?”

“ಕಂದೀಲ ಬಿಡದ ಇಳದ ಗೊತ್ತಿಲ್ರಿ ನಮಗ.”

“ತಿರುಗಿ ಯಾಕ ಒಯ್ಯಲಿಲ್ಲ? ಅದರಿಂದನ ಸಿಕ್ಕೊಂಡಿರಿ.”

“ಹೆಣದ ತಲಿ ಕಡೆ ದೀಪ ಇರಬೇಕಲ್ರಿ,” ಎಂದ ಈರಬಸಪ್ಪ.

ಇದೆಲ್ಲ ನಿಜವೆಂದು ನಂಬಲು ಇನ್ನೊಬ್ಬ ಸಾಕ್ಷಿ ಬೇಕಿತ್ತು. ಅಮೋಘಸಿದ್ದಪ್ಪ ಮಡಿವಾಳೆಪ್ಪನನ್ನು ಎದುರಿಗೆ ನಿಲ್ಲಿಸಿದ.

“ಹ್ವಾದ ವರ್ಷ ಹಗೇವು ತಗದಾಗ ನೀ ಇದ್ದಿ?”

“ಇದ್ನಿರಿ.”

“ಒಳಗ ಜೋಳ ಇತ್ತು?”

“ಹೆಣಾ ತಗದ ಮ್ಯಾಲ ನಾನ ಚೆಲ್ಲಿದ್ನಿರಿ. ಲೆವಿ ಚೀಲದಾಗಿಂದು ಒಂದು ಬುಟ್ಟಿ ಚೆಲ್ಲು, ಇಲ್ಲಂದ್ರ ನೌಕರಿ ತಗಸ್ತೀನಿ ಅಂದ್ರು ಲೆವಿ ಸಾಹೇಬ್ರು. ಹಗೇವಿನ್ಯಾಗ ಒಂದು ಕಾಳೂ ಇರಲಿಲ್ರಿ.” ಅವನು ಅಳತೊಡಗಿದ. “ಅದಕ್ಕ ಇವತ್ತು ಗಾಳಿ ಅಂತ ಸುಳ್ಳ ಹೇಳಿದ್ನಿರಿ. ಈರಬಸಣ್ಣನ ಹೆಸರು ನನ್ನ ಬಾಯಾಗ ಬರಬಾರದಂತ.”

ಕೊಲೆಗೆ ಕಾರಣ ಬರೆಯದೆ ಕೇಸು ನಿಲ್ಲುವುದಿಲ್ಲ. ಅಮೋಘಸಿದ್ದಪ್ಪ ಆ ಹೇಳಿಕೆಯನ್ನು ತಾನೇ ಕೈಯಾರೆ ಬರೆದ. ಈ ಸಾಲು ಈರಬಸಪ್ಪನನ್ನು ಗಲ್ಲಿಗೆ ಹತ್ತಿರ ಒಯ್ಯುತ್ತದೆಂದು ಬರೆಯುವವನಿಗೂ ಗೊತ್ತಿತ್ತು, ಎದುರು ಕುಳಿತವನಿಗೂ ಗೊತ್ತಿತ್ತು. ಓದಿ ಹೇಳಬೇಕೆಂಬ ಕಾನೂನೇನೂ ಇರಲಿಲ್ಲ. ಆದರೂ ಅವನು ಎದ್ದು ನಿಂತು, ಬೀದಿಯಲ್ಲಿ ನೆರೆದ ಜನಕ್ಕೂ ಬಾಗಿಲಲ್ಲಿದ್ದ ನೀಲಕ್ಕನಿಗೂ ಕೇಳುವಂತೆ ಓದಿದ. “ಅಡಿವೆಪ್ಪನನ್ನು ಇಳಿಸಿದ ದಿನ ಹಗೇವು ಖಾಲಿ ಇತ್ತು. ಅವನು ಯಾವ ಧಾನ್ಯವನ್ನೂ ಬಚ್ಚಿಟ್ಟಿರಲಿಲ್ಲ.”

ಒಬ್ಬ ಹೆಂಗಸು ನೀಲಕ್ಕನ ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡಳು. ಈರಬಸಪ್ಪ ಪಟಗಾ ತೆಗೆದು ಮುಖ ಒರೆಸಿಕೊಂಡು, “ಇನ್ನೊಮ್ಮೆ ಓದ್ರಿ,” ಎಂದ. ಅಮೋಘಸಿದ್ದಪ್ಪ ಇನ್ನೊಮ್ಮೆ ಓದಿದ.

ಸಂಜೆ ಆರು ಗಂಟೆಗೆ ದಸ್ತಗಿರಿ ಆಯಿತು. ಖಾಜಾಸಾಬ ಬೇಡಿ ಹಾಕಿ ಈರಬಸಪ್ಪನನ್ನು ಜೀಪಿಗೆ ಹತ್ತಿಸಿದ. ಊರು ದಾಟಿದ ಮೇಲೆ ಅಮೋಘಸಿದ್ದಪ್ಪ ಹಿಂದೆ ತಿರುಗಿ ಕೇಳಿದ.

“ಇಷ್ಟು ಒಂದು ಸಾಲು ಬರಸಾಕ ಒಂದು ಜೀವಾ ತಗೀಬೇಕಾಗಿತ್ತೇನ್ರಿ?”

“ಮೂರು ಅರ್ಜಿ ಕೊಟ್ಟಾಗ ಯಾರೂ ಬರಲಿಲ್ರಿ,” ಎಂದ ಈರಬಸಪ್ಪ. “ಅವನ ಹೆಣಾ ಬಿದ್ದ ಮ್ಯಾಲ ನೀವು ಬಂದ್ರಿ.”

ಅದನ್ನು ಅಮೋಘಸಿದ್ದಪ್ಪ ಬರೆದುಕೊಳ್ಳಲಿಲ್ಲ.